ಗೃಹಿಣಿಯೂ ಲೆಕ್ಕದ ಪುಸ್ತಕವೂ

ಮನೆಯ ಆಯವ್ಯಯವು ಗೃಹಿಣಿಯ ಅಧೀನದಲ್ಲಿರಬೇಕೆಂಬುದು ನಮ್ಮಲ್ಲಿ ಹೊಸ ಮಾತಲ್ಲ. ಧನದ ಸಂಗ್ರಹದಲ್ಲಿಯೂ ವ್ಯಯದಲ್ಲಿಯೂ ಪತ್ನಿಯನ್ನು ನಿಯೋಜಿಸತಕ್ಕದ್ದೆಂದು ಮನುಸ್ಮೃತಿಯ 9ನೆಯ ಅಧ್ಯಾಯವು ವಿಧಿಸುತ್ತದೆ. ಕಾಮಸೂತ್ರದ ಭಾರ್ಯಾಧಿಕಾರಿಕವಾದರೋ ಇನ್ನೂ ಮುಂದುವರಿದು, ವರ್ಷದ ಆದಾಯವನ್ನೆಣಿಸಿ ತಕ್ಕಂತೆ ವೆಚ್ಚಮಾಡುವುದನ್ನೂ, ದಿನದಿನದ ಆಯವ್ಯಯವನ್ನು ಕೂಡಿಸುವುದನ್ನೂ, ಆಳುಗಳ ವೇತನವನ್ನೂ, ಕೃಷಿ-ಪಶುಪಾಲನೆಗಳನ್ನೂ ಅವಳು ಅರಿತಿರಬೇಕೆನ್ನುತ್ತದೆ.

ಶಾಸ್ತ್ರವು ಹೀಗೆ ಹೊರಿಸಿದ ಭಾರಕ್ಕೆ ತಕ್ಕ ಅಕ್ಷರವನ್ನು ಮಾತ್ರ ಸಮಾಜವು ಒಕ್ಕಲುಮನೆಯ ಹೆಂಗಸಿಗೆ ಕೊಡಲಿಲ್ಲ. ನಮ್ಮ ಹಳ್ಳಿಗಳಲ್ಲಿ ಕಂದಾಯದ ಲೆಕ್ಕವು ಶಾನುಭೋಗರ ಕಡತದಲ್ಲಿಯೂ, ಸಾಲದ ಲೆಕ್ಕವು ಸಾಹುಕಾರರ ಖಾತೆಯಲ್ಲಿಯೂ ಉಳಿದವು. ಹಾಲುಮೊಸರು ಮಾರಿದ ಕಾಸನ್ನು ಅವಳು ಗೋಡೆಯ ಗೆರೆಗಳಲ್ಲಿ ನೆನಪಿಟ್ಟಳು. ಬರೆದ ಖಾತೆಯೆದುರು ಆ ಗೆರೆಗೆ ಬೆಲೆಯಿರಲಿಲ್ಲ.

ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಶಾಸನವು ರದ್ದುಗೊಳಿಸಿತು. ಹೆಂಗಸರ ಕೈಗೆ ಪುಸ್ತಕವು ಬಂದುದು ಇನ್ನೂ ತಡವಾಗಿ. 1980ರ ದಶಕದಲ್ಲಿ ಮೈರಾಡ ಸಂಸ್ಥೆಯು ಕರ್ನಾಟಕದಲ್ಲಿ ಬೆಳೆಸಿದ ಸ್ವಸಹಾಯ ಸಂಘಗಳು, 1992ರಲ್ಲಿ ನಬಾರ್ಡ್ ಆರಂಭಿಸಿದ ಸಂಘ-ಬ್ಯಾಂಕು ಜೋಡಣೆ, 2000-01ರ ಸ್ತ್ರೀಶಕ್ತಿ ಯೋಜನೆ, ಇವು ಅದಕ್ಕೆ ದಾರಿಮಾಡಿದುವು. ಸಂಘದ ಪಂಚಸೂತ್ರಗಳಲ್ಲಿ ಸಭೆ, ಉಳಿತಾಯ, ಒಳಸಾಲ, ಮರುಪಾವತಿಗಳೊಡನೆ ಪುಸ್ತಕನಿರ್ವಹಣೆಯೂ ಒಂದು. ನಡವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ ಮತ್ತು ಸಾಲದ ಖಾತೆಗಳು ಅವರೆದುರಿಗೇ ತೆರೆದುವು. ಬ್ಯಾಂಕು ಸಾಲ ಕೊಡುವ ಮುನ್ನ ಅವನ್ನು ಪರಿಶೀಲಿಸತೊಡಗಿತು. ಗೋಡೆಯ ಗೆರೆಗೆ ದೊರೆಯದಿದ್ದ ಮಾನ್ಯತೆ ಪುಟದ ಸಾಲಿಗೆ ದೊರೆಯಿತು.

ಆದರೆ ಬರೆಯುವವಳು ಒಬ್ಬಳೇ ಆಗಿ, ಉಳಿದವರು ಹೆಬ್ಬೆಟ್ಟೊತ್ತಿ ಏಳುವುದಾದರೆ, ಹಳೆಯ ಕಡತವೇ ಕೈಬದಲಾಯಿಸಿದಂತಾಗುವುದು. ಬರಹವನ್ನು ಓದಿ, ಕೂಡಿ ಕಳೆದು, ತಪ್ಪಿದ್ದಲ್ಲಿ ಕೇಳಬಲ್ಲವಳಿಗಷ್ಟೇ ಲೆಕ್ಕವು ತನ್ನದು. ಆ ಮಟ್ಟಿಗೆ ಪ್ರತಿಯೊಬ್ಬಳಿಗೂ ಕಲಿಸುವವರೆಗೆ ಈ ವಿದ್ಯಾದಾನವು ಮುಗಿದಂತಲ್ಲ.