ಹತ್ತು ಜನ, ಹತ್ತು ಕೆಲಸ – ಒಂದು ಲೆಕ್ಕದ ಇತಿಹಾಸ

ಹತ್ತು ಜನ ಕೆಲಸಗಾರರಿದ್ದಾರೆ. ಹತ್ತು ಕೆಲಸಗಳಿವೆ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಬೇಕು. ಇದನ್ನು ಎಷ್ಟು ರೀತಿಯಲ್ಲಿ ಮಾಡಬಹುದು, ಹೇಳಿ ನೋಡೋಣ? ನೂರು? ಸಾವಿರ? ಉತ್ತರ 36,28,800. ಹೌದು, ಮೂವತ್ತಾರು ಲಕ್ಷಕ್ಕೂ ಮಿಕ್ಕಿ!

ನಮ್ಮಲ್ಲಿ ಮದುವೆಮನೆ ನಿಭಾಯಿಸುವ ಹಿರಿಯರು ಇಂಥ ಹಂಚಿಕೆಯನ್ನು ಕಣ್ಣಂದಾಜಿನಲ್ಲೇ ಮಾಡಿ ಮುಗಿಸುತ್ತಾರೆ. ಉಗ್ರಾಣಕ್ಕೆ ಯಾರು, ಬಡಿಸೋದಕ್ಕೆ ಯಾರು, ಬೀಗರನ್ನು ಕರೆತರೋದಕ್ಕೆ ಯಾರು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕೆಲಸಗಾರರು ಸಾವಿರಾರು ಜನ, ಒಬ್ಬೊಬ್ಬರಿಗೆ ಬರುವ ವಿದ್ಯೆ ಒಂದೊಂದು, ಕೆಲಸಗಳು ಊರಿನ ಮೂಲೆ ಮೂಲೆಯಲ್ಲಿ ಚದುರಿವೆ ಎಂದಾದಾಗ ಕಣ್ಣಂದಾಜು ಸಾಲದು. ಅದಕ್ಕೆಂದೇ ಒಂದು ಗಣಿತ ಹುಟ್ಟಿಕೊಂಡಿತು. ಅದು ಬೆಳೆದು ಬಂದ ದಾರಿ ಸ್ವಾರಸ್ಯಕರವಾಗಿದೆ.

ಕಥೆ ಶುರುವಾಗುವುದು ಎರಡನೇ ಮಹಾಯುದ್ಧದ ಅಮೆರಿಕದಲ್ಲಿ. ವಾಯುಪಡೆಗೆ ಸೇರಲು ಬಂದ ಯುವಕರಿಗೆ ಪರೀಕ್ಷೆ ಕೊಟ್ಟು ಯಾರು ಪೈಲಟ್, ಯಾರು ನ್ಯಾವಿಗೇಟರ್, ಯಾರು ಬಾಂಬ್ ಹಾಕುವವನು ಎಂದು ವಿಂಗಡಿಸಬೇಕಿತ್ತು. ಆ ಕೆಲಸದಲ್ಲಿದ್ದ ಮನಶ್ಶಾಸ್ತ್ರಜ್ಞರಲ್ಲಿ ರಾಬರ್ಟ್ ಥಾರ್ನ್‌ಡೈಕ್ ಒಬ್ಬರು. 1950ರಲ್ಲಿ ಅವರು ಬರೆದ ಪ್ರಬಂಧದಲ್ಲಿ ಗಣಿತಜ್ಞರ ಬಗ್ಗೆ ಒಂದು ತಮಾಷೆಯ ದೂರಿದೆ. ಈ ಸಮಸ್ಯೆಯನ್ನು ಗಣಿತಜ್ಞರ ಮುಂದಿಟ್ಟರೆ ಅವರು “ಇದರಲ್ಲೇನಿದೆ, ಇರುವುದು ಎಣಿಸಿ ಮುಗಿಸಬಹುದಾದಷ್ಟೇ ಹಂಚಿಕೆಗಳು, ಎಲ್ಲವನ್ನೂ ನೋಡಿ ಒಳ್ಳೆಯದನ್ನು ಆರಿಸಿಕೊಂಡರಾಯಿತು” ಎನ್ನುವ ಧಾಟಿಯಲ್ಲಿ ಉತ್ತರಿಸುತ್ತಿದ್ದರಂತೆ. ಹತ್ತೇ ಜನಕ್ಕೆ ಮೂವತ್ತೈದು ಲಕ್ಷಕ್ಕೂ ಹೆಚ್ಚು ಹಂಚಿಕೆಗಳಿರುವಾಗ ಇದೆಂಥ ಸಮಾಧಾನ ಎಂಬುದು ಥಾರ್ನ್‌ಡೈಕ್ ಅವರ ಪ್ರಶ್ನೆ.

ಎಲ್ಲವನ್ನೂ ನೋಡುವುದು ಬೇಡ, ಪ್ರತಿ ಕೆಲಸಕ್ಕೂ ಅದರಲ್ಲಿ ಪಳಗಿದವನನ್ನು ಕಳಿಸಿದರಾಯಿತಲ್ಲ ಅಂತ ನಿಮಗನ್ನಿಸಬಹುದು. ಒಂದು ಚಿಕ್ಕ ಲೆಕ್ಕ ನೋಡಿ. ಇಬ್ಬರಿದ್ದಾರೆ, ಒಬ್ಬ ಹಳಬ, ಒಬ್ಬ ಹೊಸಬ. ಕೆಲಸವೂ ಎರಡು: ಕೇಬಲ್ ಎಳೆಯುವುದು, ಕೆಟ್ಟ ಪೆಟ್ಟಿಗೆ ರಿಪೇರಿ ಮಾಡುವುದು. ಹಳಬನಿಗೆ ಕೇಬಲ್ಲಿಗೆ 2 ಗಂಟೆ, ಪೆಟ್ಟಿಗೆಗೆ 3 ಗಂಟೆ ಬೇಕು. ಹೊಸಬನಿಗೆ ಕೇಬಲ್ಲಿಗೆ 3 ಗಂಟೆ, ಪೆಟ್ಟಿಗೆಗೆ 8 ಗಂಟೆ. ಕೇಬಲ್ ಕೆಲಸ ಮೊದಲು ಬಂತು, ಹಳಬನೇ ಚುರುಕು ಅಂತ ಅವನನ್ನು ಕಳಿಸಿದಿರಿ. ಪೆಟ್ಟಿಗೆ ಹೊಸಬನ ಪಾಲಿಗೆ ಬಂತು. ಒಟ್ಟು 10 ಗಂಟೆ! ಅದಲುಬದಲು ಮಾಡಿದ್ದರೆ 3 ಮತ್ತು 3, ಬರೀ 6 ಗಂಟೆ. ಅಂದರೆ “ಈ ಕೆಲಸಕ್ಕೆ ಯಾರು ಉತ್ತಮ?” ಎಂಬ ಪ್ರಶ್ನೆಯೇ ಸರಿಯಿಲ್ಲ. “ಇವನನ್ನು ಇಲ್ಲಿ ಕಳಿಸಿದರೆ ಅಲ್ಲಿ ಏನು ನಷ್ಟ?” ಎಂದು ಕೇಳಬೇಕು.

ಈ ಪ್ರಶ್ನೆಗೆ ಕ್ರಮಬದ್ಧವಾದ ಉತ್ತರ ಕೊಟ್ಟವರು ಹೆರಾಲ್ಡ್ ಕೂನ್ ಎಂಬ ಅಮೆರಿಕದ ಗಣಿತಜ್ಞರು. 1953ರಲ್ಲಿ ಅವರು ಹಂಗೆರಿಯ ಗಣಿತಜ್ಞ ಕೋನಿಗ್ ಬರೆದ ಪುಸ್ತಕ ಓದುತ್ತಿದ್ದಾಗ ಒಂದು ಅಡಿಟಿಪ್ಪಣಿ ಕಣ್ಣಿಗೆ ಬಿತ್ತು. ಎಗರ್ವಾರಿ ಎಂಬ ಇನ್ನೊಬ್ಬ ಹಂಗೆರಿಯನ್ನರು 1931ರಲ್ಲಿ ಬರೆದ ಲೇಖನದ ಉಲ್ಲೇಖ ಅದು. ಆ ಲೇಖನ ಇದ್ದದ್ದು ಹಂಗೆರಿಯನ್ ಭಾಷೆಯಲ್ಲಿ. ಕೂನ್ ಒಂದು ದಪ್ಪ ನಿಘಂಟು, ಒಂದು ವ್ಯಾಕರಣ ಪುಸ್ತಕ ಹಿಡಿದು ಕೂತು ಸುಮಾರು ಎರಡು ವಾರದಲ್ಲಿ ಅದನ್ನು ಅನುವಾದ ಮಾಡಿಕೊಂಡರು. ಅದರಿಂದ ಹೊಳೆದ ವಿಧಾನವನ್ನು 1955ರಲ್ಲಿ ಪ್ರಕಟಿಸುವಾಗ ಅದಕ್ಕೆ ತಮ್ಮ ಹೆಸರಿಡಲಿಲ್ಲ, “ಹಂಗೆರಿಯನ್ ವಿಧಾನ” ಎಂದು ಕರೆದರು. 12 ಜನ, 12 ಕೆಲಸದ ಲೆಕ್ಕಗಳನ್ನು (ಸಾಧ್ಯ ಹಂಚಿಕೆಗಳು 47,90,01,600) ಬರೀ ಪೆನ್ಸಿಲ್ ಕಾಗದದಲ್ಲಿ ಎರಡು ಗಂಟೆಯೊಳಗೆ ಬಿಡಿಸುತ್ತಿದ್ದರಂತೆ. ಅಂದ ಹಾಗೆ, ಜರ್ಮನಿಯ ಯಾಕೋಬಿ (1804–1851) ಇದನ್ನೇ ನೂರು ವರ್ಷ ಮೊದಲು ಕಂಡುಕೊಂಡಿದ್ದರು, ಅದು ಅವರ ಮರಣದ ನಂತರ ಲ್ಯಾಟಿನ್ನಿನಲ್ಲಿ ಅಚ್ಚಾಗಿ ಮೂಲೆ ಸೇರಿತ್ತು ಎಂಬುದು ಗೊತ್ತಾದದ್ದು 2006ರಲ್ಲಿ!

ಇರಲಿ. ಕೂನ್ ಲೆಕ್ಕದಲ್ಲಿ ಒಂದು ಕೊರತೆ ಇತ್ತು. ಅದರಲ್ಲಿ ದಾರಿಯೇ ಇಲ್ಲ. ಕೆಲಸಗಾರ ಅಲ್ಲಿಗೆ ಹೋಗಬೇಕು, ಅಲ್ಲಿಂದ ಮುಂದಿನ ಮನೆಗೆ ಹೋಗಬೇಕು. ಆ ಎಳೆ ಬೇರೆ ಕಡೆಯಿಂದ ಬಂತು. 1959ರಲ್ಲಿ ಜಾರ್ಜ್ ಡಾಂಟ್ಜಿಗ್ ಮತ್ತು ಜಾನ್ ರಾಮ್ಸರ್ ಪೆಟ್ರೋಲ್ ಲಾರಿಗಳ ಲೆಕ್ಕ ಬಿಡಿಸಲು ಹೊರಟರು. ಒಂದು ದೊಡ್ಡ ಡಿಪೋದಿಂದ ಹಲವು ಬಂಕುಗಳಿಗೆ ಪೆಟ್ರೋಲ್ ಹೋಗಬೇಕು. ಯಾವ ಲಾರಿ ಯಾವ ಯಾವ ಬಂಕಿಗೆ, ಯಾವ ಕ್ರಮದಲ್ಲಿ ಹೋದರೆ ಒಟ್ಟು ದೂರ ಕಡಿಮೆ? ಈ ಲೆಕ್ಕಕ್ಕೆ ಕೂನ್ ಅವರದ್ದರಂತೆ ಸಲೀಸಾದ ದಾರಿ ಇವತ್ತಿಗೂ ಸಿಕ್ಕಿಲ್ಲ. ಬಂಕುಗಳು ಹೆಚ್ಚಾದಂತೆ ಕಂಪ್ಯೂಟರ್ ಕೂಡ ಏದುಸಿರು ಬಿಡುತ್ತದೆ.

ಈ ಎರಡು ಎಳೆಗಳು, ಅಂದರೆ ಯಾರಿಗೆ ಯಾವ ಕೆಲಸ ಮತ್ತು ಯಾವ ದಾರಿಯಲ್ಲಿ, ದೊಡ್ಡ ಪ್ರಮಾಣದಲ್ಲಿ ಒಂದಾದದ್ದು ಟೆಲಿಫೋನ್ ರಿಪೇರಿಯಲ್ಲಿ. 1990ರ ದಶಕದಲ್ಲಿ ಬ್ರಿಟಿಷ್ ಟೆಲಿಕಾಂ ಕಂಪನಿಗೆ ವ್ಯಾನಿನಲ್ಲಿ ಮನೆಮನೆ ಸುತ್ತುವ ಸಾವಿರಾರು ಇಂಜಿನಿಯರುಗಳಿದ್ದರು. ಅವರ ಕೆಲಸದ ಒಂದು ನಮೂನೆ ಲೆಕ್ಕ ಸಂಶೋಧಕರ ನಡುವೆ ಹೆಸರಾಯಿತು: 118 ಇಂಜಿನಿಯರುಗಳು, 250 ಕೆಲಸಗಳು. ಕೆಲವು ಕೆಲಸ ಬೆಳಿಗ್ಗೆಯೇ ಆಗಬೇಕು, ಕೆಲವು ಮಧ್ಯಾಹ್ನ. ಎಲ್ಲರಿಗೂ ಎಲ್ಲ ಕೆಲಸ ಬಾರದು. ಎಸೆಕ್ಸ್ ವಿಶ್ವವಿದ್ಯಾಲಯದ ಎಡ್ವರ್ಡ್ ಸಾಂಗ್ ಮತ್ತು ಕ್ರಿಸ್ಟೋಸ್ ವೌಡೌರಿಸ್ 1997ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದರು. ಹೇಗೋ ಒಂದು ಪಟ್ಟಿಯಿಂದ ಶುರು ಮಾಡಿ, ಒಂದೊಂದೇ ಕೆಲಸವನ್ನು ಅತ್ತಿತ್ತ ಸರಿಸುತ್ತಾ ಸುಧಾರಿಸುವುದು. ಎಲ್ಲಿ ಸರಿಸಿದರೂ ಸುಧಾರಣೆ ಆಗದೆ ಸಿಕ್ಕಿಹಾಕಿಕೊಂಡರೆ, ಪಟ್ಟಿಯಲ್ಲಿರುವ ದುಬಾರಿ ಅಂಶಗಳಿಗೆ ದಂಡ ಹಾಕಿ ಹುಡುಕಾಟವನ್ನು ಬೇರೆ ಕಡೆ ದೂಡುವುದು. ಸಿಗುವ ಉತ್ತರವೇ ಪರಮೋಚ್ಚ ಎಂಬ ಗ್ಯಾರಂಟಿ ಇಲ್ಲ. ಆದರೆ ಬೆಳಗಾಗುವುದರೊಳಗೆ ಒಳ್ಳೆಯ ಪಟ್ಟಿ ಸಿದ್ಧವಾಗುತ್ತದೆ. ಕೆಲಸ ನಡೆಸುವವರಿಗೆ ಅಷ್ಟು ಸಾಕಲ್ಲ!

ಫ್ರಾನ್ಸಿನಲ್ಲಿ ಲೆಕ್ಕ ಇನ್ನೊಂದು ತಿರುವು ಪಡೆಯಿತು. 2007ರಲ್ಲಿ ಅಲ್ಲಿನ ಆಪರೇಷನ್ಸ್ ರಿಸರ್ಚ್ ಸಂಘ ರೋಡೆಫ್ ಏರ್ಪಡಿಸಿದ ಸ್ಪರ್ಧೆಗೆ ಫ್ರಾನ್ಸ್ ಟೆಲಿಕಾಂ ತನ್ನ ಸಮಸ್ಯೆ ಕೊಟ್ಟಿತು. ಇಲ್ಲಿ ಕೆಲಸ ಒಬ್ಬರಿಂದ ಆಗುವುದಲ್ಲ, ತಂಡ ಬೇಕು. ಒಬ್ಬ ಟೆಕ್ನೀಷಿಯನ್ನಿಗೆ ಒಂದು ವಿಷಯದಲ್ಲಿ ಹೆಚ್ಚಿನ ಮಟ್ಟದ ಪರಿಣತಿ, ಇನ್ನೊಂದರಲ್ಲಿ ಕಡಿಮೆ. ಬೆಳಿಗ್ಗೆ ಕೂಡಿದ ತಂಡ ಸಂಜೆಯವರೆಗೆ ಒಡೆಯುವಂತಿಲ್ಲ. ಕೆಲಸಗಳನ್ನು ಮಹತ್ವದ ಮೇಲೆ ನಾಲ್ಕು ದರ್ಜೆ ಮಾಡಿ, ಅವು ಮುಗಿಯುವ ಸಮಯಕ್ಕೆ 28, 14, 4, 1 ಎಂದು ತೂಕ ಕೊಟ್ಟಿದ್ದರು. ಎಲ್ಲ ಬಲ್ಲವನನ್ನು ಸಣ್ಣ ಕೆಲಸದ ತಂಡಕ್ಕೆ ಹಾಕಿದರೆ ಅವನ ಅಷ್ಟೂ ವಿದ್ಯೆ ಆ ದಿನ ದಂಡ.

ಹಾಗಾದರೆ ಎಲ್ಲರಿಗೂ ಎಲ್ಲ ಕೆಲಸ ಕಲಿಸಿಬಿಟ್ಟರೆ ಹೇಗೆ? ಈ ಪ್ರಶ್ನೆಗೆ ಸಿಕ್ಕ ಉತ್ತರ ನನಗೆ ಈ ಇತಿಹಾಸದಲ್ಲೇ ಅತಿ ಚೆಂದದ್ದು ಅನ್ನಿಸುತ್ತದೆ. ಅದು ಮೊದಲು ಸಿಕ್ಕಿದ್ದು ಮನುಷ್ಯರಲ್ಲಲ್ಲ, ಕಾರ್ಖಾನೆಗಳಲ್ಲಿ. 1995ರಲ್ಲಿ ಜನರಲ್ ಮೋಟರ್ಸ್‌ನ ವಿಲಿಯಂ ಜೋರ್ಡನ್ ಮತ್ತು ಎಂಐಟಿಯ ಸ್ಟೀಫನ್ ಗ್ರೇವ್ಸ್ ಇದನ್ನು ತೋರಿಸಿಕೊಟ್ಟರು. ಹತ್ತು ಕಾರ್ಖಾನೆ, ಹತ್ತು ಬಗೆಯ ಕಾರು ಅಂದುಕೊಳ್ಳಿ. ಪ್ರತಿ ಕಾರ್ಖಾನೆಯೂ ಹತ್ತನ್ನೂ ಕಲಿಯಬೇಕಿಲ್ಲ. ಮೊದಲನೆಯದು 1 ಮತ್ತು 2, ಎರಡನೆಯದು 2 ಮತ್ತು 3, ಹೀಗೇ ಸಾಗಿ ಕೊನೆಯದು 10 ಮತ್ತು 1. ಸರಪಳಿ ಕೂಡಿಕೊಂಡರೆ ಸಾಕು, ಎಲ್ಲವೂ ಎಲ್ಲವನ್ನೂ ಮಾಡಿದಾಗ ಸಿಗುವ ಲಾಭದ ಬಹುಪಾಲು ಸಿಕ್ಕಿಬಿಡುತ್ತದೆ. 2005ರಲ್ಲಿ ರಾಡ್ನಿ ವ್ಯಾಲೆಸ್ ಮತ್ತು ವಾರ್ಡ್ ವಿಟ್ ಕಾಲ್ ಸೆಂಟರುಗಳ ಬಗ್ಗೆಯೂ ಇಂಥದ್ದೇ ಮಾತು ಹೇಳಿದರು: ಸರಿಯಾಗಿ ಹಂಚಿದರೆ, ಒಬ್ಬೊಬ್ಬರಿಗೆ ಎರಡು ವಿದ್ಯೆ ಬಂದರೆ ಎಲ್ಲ ವಿದ್ಯೆ ಬಂದಷ್ಟೇ ಹೆಚ್ಚುಕಡಿಮೆ. ಆ ವರ್ಷಗಳಲ್ಲಿ ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ರಾತ್ರಿ ಪಾಳಿ ಮಾಡಿದವರಿಗೆ “ಸ್ಕಿಲ್ ಬೇಸ್ಡ್ ರೂಟಿಂಗ್” ಎಂಬ ಪದ ಕಿವಿಗೆ ಬಿದ್ದಿರಬಹುದು. ಅದರ ಹಿಂದಿದ್ದದ್ದು ಇದೇ ಲೆಕ್ಕ.

ಇದರಲ್ಲಿ ಕೆಲಸಗಾರನಿಗೂ ಒಂದು ಸಮಾಧಾನವಿದೆ. ಹತ್ತು ಕೆಲಸ ಕಲಿತು ಹತ್ತಕ್ಕೂ ಓಡುವ ಒಬ್ಬ ಹೀರೋ ಬೇಕಿಲ್ಲ. ಪಕ್ಕದವನ ಕೆಲಸವನ್ನೂ ಒಂದಿಷ್ಟು ಬಲ್ಲವರು ಹತ್ತು ಜನ ಬೇಕು. ಯಾಕೆಂದರೆ ಮೇಲಿನ ಹಳಬ-ಹೊಸಬರ ಲೆಕ್ಕವನ್ನು ಮತ್ತೆ ನೋಡಿ. ಒಟ್ಟು ಸಮಯವನ್ನಷ್ಟೇ ಉಳಿಸಲು ಹೊರಟ ಲೆಕ್ಕ, ಕಷ್ಟದ ಕೆಲಸವನ್ನು ದಿನಾ ಹಳಬನ ಹೆಗಲಿಗೇ ಹಾಕುತ್ತಾ ಹೋಗುತ್ತದೆ. ಹೊಸಬ ಪೆಟ್ಟಿಗೆ ರಿಪೇರಿ ಕಲಿಯುವುದೇ ಇಲ್ಲ. ಗಣಿತ ತಪ್ಪಲ್ಲ, ಕಲಿಸುವುದಕ್ಕೂ ಬೆಲೆಯಿದೆ ಅಂತ ನಾವು ಅದಕ್ಕೆ ಹೇಳಿಲ್ಲ, ಅಷ್ಟೆ.

ಹೇಳಿದರೆ ಕೇಳುತ್ತದೆ ಎಂಬುದಕ್ಕೆ ಸ್ವೀಡನ್ನಿನ ಉದಾಹರಣೆ ಇದೆ. ಅಲ್ಲಿ ಒಂಟಿಯಾಗಿರುವ ವೃದ್ಧರ ಮನೆಗೆ ಸ್ಥಳೀಯ ಆಡಳಿತದ ಸಿಬ್ಬಂದಿ ಹೋಗಿ ಸ್ನಾನ, ಊಟ, ಔಷಧಿ ನೋಡಿಕೊಳ್ಳುತ್ತಾರೆ. ಯಾರು ಯಾವ ಮನೆಗೆ ಎಂಬ ಪಟ್ಟಿಯನ್ನು ಕೈಯಲ್ಲೇ ಬರೆಯುವುದು ದೊಡ್ಡ ತಲೆನೋವಾಗಿತ್ತು. ಎವೆಬಾರ್ನ್, ಫ್ಲಿಸ್‌ಬೆರಿ, ರೆನ್‌ಕ್ವಿಸ್ಟ್ ಎಂಬ ಸಂಶೋಧಕರು 2006ರಲ್ಲಿ ವಿವರಿಸಿದ “ಲ್ಯಾಪ್ಸ್ ಕೇರ್” ಎಂಬ ತಂತ್ರಾಂಶ ಈ ಪಟ್ಟಿ ಮಾಡುತ್ತದೆ. ಜೋಡಿ ಕೂಡಿಸುವ ಲೆಕ್ಕವನ್ನು ಮತ್ತೆ ಮತ್ತೆ ಬಿಡಿಸುವುದು ಅದರ ಕ್ರಮ, ಕೂನ್ ಅವರ ಲೆಕ್ಕದ ಹತ್ತಿರದ ನೆಂಟ. ಅದರಲ್ಲಿ ವಿದ್ಯೆ, ಸಮಯ, ದಾರಿ ಅಷ್ಟೇ ಅಲ್ಲ, ಆ ಅಜ್ಜಿಗೆ ಪರಿಚಯದ ಮುಖ ಯಾರದ್ದು ಎಂಬುದಕ್ಕೂ ಜಾಗ ಕೊಟ್ಟಿದ್ದಾರೆ. ದಿನಕ್ಕೊಬ್ಬರು ಅಪರಿಚಿತರು ಬಂದು ಸ್ನಾನ ಮಾಡಿಸಿದರೆ ಯಾರಿಗೆ ತಾನೇ ಹಿತ?

ಲೆಕ್ಕಕ್ಕೆ ಹೇಳಬೇಕಾದ್ದನ್ನು ಹೇಳದೇ ಹೋದಾಗ ಕಾನೂನು ಬಂದು ಹೇಳಬೇಕಾಯಿತು. ಅಮೆರಿಕದಲ್ಲಿ ಅಂಗಡಿ, ಹೋಟೆಲ್ ಕೆಲಸಗಾರರ ಪಾಳಿಯನ್ನು ತಂತ್ರಾಂಶಗಳು ಗಿರಾಕಿಗಳ ಅಂದಾಜಿನ ಮೇಲೆ ಕೊನೇ ಗಳಿಗೆಯಲ್ಲಿ ಬದಲಿಸತೊಡಗಿದವು. ನಾಳೆ ಕೆಲಸ ಇದೆಯೋ ಇಲ್ಲವೋ, ಮಗುವನ್ನು ಯಾರ ಬಳಿ ಬಿಡುವುದೋ ಗೊತ್ತಿಲ್ಲದ ಪರಿಸ್ಥಿತಿ. ಸ್ಯಾನ್ ಫ್ರಾನ್ಸಿಸ್ಕೋ 2014ರಲ್ಲಿ ಇದಕ್ಕೆ ಕಡಿವಾಣ ಹಾಕುವ ಕಾಯಿದೆ ಮಾಡಿತು. ಸಿಯಾಟಲ್‌ನಲ್ಲಿ ಜುಲೈ 2017ರಿಂದ ದೊಡ್ಡ ಅಂಗಡಿ, ಹೋಟೆಲುಗಳು ಪಾಳಿಯ ಪಟ್ಟಿಯನ್ನು 14 ದಿನ ಮೊದಲೇ ಕೊಡಬೇಕೆಂದಾಯಿತು. ಗಣಿತದ ಭಾಷೆಯಲ್ಲಿ ಹೇಳುವುದಾದರೆ ಅದು ಇನ್ನೊಂದು ನಿರ್ಬಂಧ, ಅಷ್ಟೇ. ಲೆಕ್ಕ ಅದನ್ನೂ ಸೇರಿಸಿಕೊಂಡು ಮುಂದೆ ನಡೆಯುತ್ತದೆ.

ಕೂನ್ ಪೆನ್ಸಿಲ್ ಹಿಡಿದು ಕೂತ ಕಾಲದಿಂದ ಇಲ್ಲಿಯವರೆಗೆ ಲೆಕ್ಕ ಬಿಡಿಸುವ ವೇಗ ಊಹೆಗೆ ಮೀರಿ ಹೆಚ್ಚಿದೆ. ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಮಾತ್ರ ಇಂದಿಗೂ ಮನುಷ್ಯರೇ ಕೂತು ತೀರ್ಮಾನಿಸಬೇಕು. ಮುಂದಿನ ಸಲ ಮನೆಗೆ ಇಂಟರ್ನೆಟ್ ರಿಪೇರಿಯವರು ತಡವಾಗಿ ಬಂದರೆ ಬೈಯುವ ಮುಂಚೆ ಒಂದು ಮಾತು ಕೇಳಿ ನೋಡಿ: ಇವತ್ತಿನ ಪಟ್ಟಿಯಲ್ಲಿ ಇದು ಎಷ್ಟನೇ ಮನೆ, ಮಧ್ಯಾಹ್ನ ಊಟಕ್ಕೆ ಅದರಲ್ಲಿ ಸಮಯ ಇಟ್ಟಿದ್ದರಾ?