ಆಕಾರ, ಲಾವಣಿ, ಬೆಲೆ: ಸಾಂಗ್ಲಿ–ಮಿರಜ ಸೀಮೆಯ ಭೂಮಿಯ ಲೆಕ್ಕ

ಹೊಲವನ್ನು ಇನ್ನೊಬ್ಬರ ಸಾಗುವಳಿಗೆ ಬಿಡುವುದಕ್ಕೆ ಮುಂಬಯಿ ಕರ್ನಾಟಕದ ಉದ್ದಕ್ಕೂ, ಅದರಾಚೆ ಮಿರಜ ಮತ್ತು ಜತ್ತ ತಾಲೂಕುಗಳ ಕನ್ನಡ ಊರುಗಳಲ್ಲಿಯೂ, ಎರಡು ಮಾತುಗಳಿವೆ. ಒಂದು ಪಾಲು: ಬೆಳೆದದ್ದರಲ್ಲಿ ಒಡೆಯನಿಗೂ ಮಾಡುವವನಿಗೂ ಭಾಗ. ಇನ್ನೊಂದು ಲಾವಣಿ: ಬೆಳೆ ಬಂದರೂ ಬಾರದಿದ್ದರೂ ನಿಗದಿಯಾದ ಹಣ. ಪಕ್ಕದ ಮರಾಠಿಯಲ್ಲಿ ಎರಡನೆಯದಕ್ಕೆ ‘ಖಂಡ’ ಎನ್ನುತ್ತಾರೆ. ಅಲ್ಲಿ ‘ಲಾವಣಿ’ ಎಂದರೆ ನಾಟಿ, ಭೂಮಿಯನ್ನು ಸಾಗುವಳಿಗೆ ಹಚ್ಚುವುದು. ಹಾಡಿನ ಲಾವಣಿ ಬೇರೆ ಮಾತು. ನೆಡುವ ಕೆಲಸದ ಹೆಸರು ಗಡಿ ದಾಟಿ ಕನ್ನಡಕ್ಕೆ ಬರುವಾಗ ಕರಾರಿನ ಹೆಸರಾಯಿತು. ಪಾಲಿನಲ್ಲಿ ಮಳೆಯ ಅಪಾಯವನ್ನು ಇಬ್ಬರೂ ಹೊರುತ್ತಾರೆ, ಲಾವಣಿಯಲ್ಲಿ ಅದು ಮಾಡುವವನ ತಲೆಯ ಮೇಲೆಯೇ ಬೀಳುತ್ತದೆ. ಭೂಮಿಯ ಗಳಿಕೆ ಎಷ್ಟು, ಅದನ್ನು ಹಿಡಿಯುವ ಹಣ ಎಷ್ಟು, ಕೊಳ್ಳುವ ಬೆಲೆ ಎಷ್ಟು ಎಂಬ ಮೂರು ಲೆಕ್ಕಗಳು ಒಂದನ್ನೊಂದು ಹೊಂದಬೇಕೆಂದು ಅರ್ಥಶಾಸ್ತ್ರ ಹೇಳುತ್ತದೆ. ಕೃಷ್ಣೆಯ ಈ ಸೀಮೆಯಲ್ಲಿ ಅವುಗಳನ್ನು ಹೊಂದಿಸಲು ಸರಕಾರಗಳು ಇನ್ನೂರು ವರ್ಷ ಶ್ರಮಿಸಿವೆ. ಹೊಂದದೆ ಹೋದಾಗಲೆಲ್ಲ ಅದರ ಬೆಲೆಯನ್ನು ತೆತ್ತವನು ಮಾಡುವವನೇ.

ಮೊದಲ ಯತ್ನ ಪುಸ್ತಕದಿಂದ ಬಂದದ್ದು. ಮಾಲ್ಥಸ್ ಪಾಠ ಹೇಳುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಓದಿ ಬಂದ ಪ್ರಿಂಗಲ್ 1820ರ ದಶಕದ ಕೊನೆಯಲ್ಲಿ ಪುಣೆಯ ಕಡೆಯ ಹೊಲಗಳನ್ನು ಅಳೆಸಿ, ಖರ್ಚು ಕಳೆದು ಉಳಿಯುವ ಉತ್ಪನ್ನದ ನೂರಕ್ಕೆ 55 ಭಾಗವನ್ನು ಕಂದಾಯವೆಂದು ಗೊತ್ತುಪಡಿಸಿದ. ರಿಕಾರ್ಡೋನ ಗೇಣಿ ಸಿದ್ಧಾಂತವು ರೈತನ ಹೊಲಕ್ಕೆ ಇಳಿದ ಬಗೆ ಇದು. ಯೋಜನೆ ನೆಲಕಚ್ಚಿತು, ರೈತರು ಹೊಲ ಬಿಟ್ಟು ಹೋದರು. ‘ನಿವ್ವಳ ಗಳಿಕೆ’ ಎಂಬುದನ್ನು ಕಚೇರಿಯಲ್ಲಿ ಕುಳಿತು ಕಂಡುಹಿಡಿಯಲಾಗದೆಂಬ ಪಾಠವನ್ನು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಬೇಗ ಕಲಿತರು. 1835ರಲ್ಲಿ ಇಂದಾಪುರದಿಂದ ಆರಂಭವಾದ ಅವರ ಮೋಜಣಿ 1840ರ ದಶಕದಲ್ಲಿ ಧಾರವಾಡ, ಬೆಳಗಾವಿ ಸೀಮೆಗೆ ಬಂದಾಗ ಮಣ್ಣನ್ನು ಬಣ್ಣ ಮತ್ತು ಆಳದಿಂದ ಒಂಬತ್ತು ತರಗತಿಗಳಾಗಿ ವಿಂಗಡಿಸಿ, ಉತ್ತಮವಾದದ್ದಕ್ಕೆ 16 ಆಣೆಯೆಂದು ಹೋಲಿಕೆಯ ಲೆಕ್ಕ ಹಾಕಿದರು. ಮೂವತ್ತು ವರ್ಷಕ್ಕೆ ಕಂದಾಯವನ್ನು ನಿಲ್ಲಿಸಿದರು. ಆ ಮೊತ್ತದ ಹೆಸರೇ ಆಕಾರ. ಕನ್ನಡದ ‘ಆಕಾರಬಂದ್’ ಮತ್ತು ಮರಾಠಿ ಉತಾರದ ‘ಆಕಾರ’ ಎಂಬ ಕಲಮು ಎರಡೂ ಅಲ್ಲಿಂದ ಬಂದವು.

ಕಂದಾಯ ತೀರಿದ ಮೇಲೆ ರೈತನಿಗೆ ಏನಾದರೂ ಉಳಿಯಬೇಕು, ಉಳಿದದ್ದರಿಂದ ಹೊಲಕ್ಕೆ ಮಾರಾಟದ ಬೆಲೆ ಹುಟ್ಟಬೇಕು ಎಂಬುದು ವಿಂಗೇಟನ ಆಶಯವಾಗಿತ್ತು. ಆಶಯವೇನೋ ಕೈಗೂಡಿತು. ಬೆಲೆ ಹುಟ್ಟಿದ ಭೂಮಿ ಅಡವಿಗೂ ಅರ್ಹವಾಯಿತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, ಅಂದರೆ 1861ರಿಂದ 1865ರವರೆಗೆ, ಹತ್ತಿಯ ದರ ಏರಿದಾಗ ಸಾಲವೂ ಏರಿತು. ದರ ಬಿದ್ದಾಗ ಸಾಲ ಬೀಳಲಿಲ್ಲ. 1875ರ ದಖನ್ ದಂಗೆ ಪುಣೆ, ಅಹಮದನಗರ ಜಿಲ್ಲೆಗಳದ್ದಾದರೂ ಅದರ ಕಾರಣ ಇಡೀ ಪ್ರಾಂತಕ್ಕೆ ಸೇರಿದ್ದು. ದಂಗೆಕೋರರು ಮುಖ್ಯವಾಗಿ ಸುಟ್ಟದ್ದು ಸಾಹುಕಾರರ ಕಾಗದಪತ್ರಗಳನ್ನು.

ಸಾಂಗ್ಲಿ ಮತ್ತು ಮಿರಜ ಆಗ ಪಟವರ್ಧನರ ಸಂಸ್ಥಾನಗಳು. 1801ರಲ್ಲಿ ಸಾಂಗ್ಲಿ ಮಿರಜದಿಂದ ಬೇರೆಯಾಯಿತು, 1820ರಲ್ಲಿ ಮಿರಜವೇ ಹಿರಿಯ–ಕಿರಿಯ ಎಂದು ಒಡೆಯಿತು. ಇವುಗಳ ನೆಲ ಒಂದೆಡೆ ಇರಲಿಲ್ಲ. ತೇರದಾಳ, ಶಹಾಪುರ, ಶಿರಹಟ್ಟಿ ಸಾಂಗ್ಲಿಯವು. ಲಕ್ಷ್ಮೇಶ್ವರ ಹಿರಿಯ ಮಿರಜದ್ದು. ಗುಡಗೇರಿ ಕಿರಿಯ ಮಿರಜದ್ದು. ಕನ್ನಡ ರೈತನ ಹೊಲದ ಲೆಕ್ಕವು ಮೋಡಿ ಲಿಪಿಯ ಮರಾಠಿಯಲ್ಲಿ ದಾಖಲಾಗುತ್ತಿದ್ದ ಕಾಲ ಅದು.

ಗಳಿಕೆಯನ್ನು ಗೇಣಿಯಿಂದ ಅಳೆಯಬಹುದೇ ಎಂಬ ಪ್ರಶ್ನೆ ಮುಂಬಯಿ ಪ್ರಾಂತದಲ್ಲಿ ಬಹಿರಂಗವಾಗಿ ಚರ್ಚೆಗೆ ಬಂದದ್ದು ದೂರದ ಬಾರ್ಡೋಲಿಯಲ್ಲಿ. ಅಲ್ಲಿ ಗೇಣಿಯ ಅಂಕಿಗಳನ್ನು ಆಧರಿಸಿ ಕಂದಾಯವನ್ನು ಶೇ. 22ರಷ್ಟು ಏರಿಸಲಾಗಿತ್ತು. 1928ರ ಸತ್ಯಾಗ್ರಹದ ನಂತರ ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್ ಊರೂರು ತಿರುಗಿ ವಿಚಾರಿಸಿ, ಏರಿಕೆ ಶೇ. 6.03ಕ್ಕಿಂತ ಹೆಚ್ಚಿರಬಾರದೆಂದರು. ಗೇಣಿಯೆಂದು ಬರೆದಿಟ್ಟ ಹಣದಲ್ಲಿ ಹಳೆಯ ಸಾಲದ ಬಡ್ಡಿಯೂ ಸೇರಿರುತ್ತಿತ್ತು, ಭೂಮಿಗೆ ಹಸಿದವನ ಪೈಪೋಟಿಯೂ ಸೇರಿರುತ್ತಿತ್ತು. ಭೂಮಿ ಏನು ಕೊಡಬಲ್ಲದು ಎಂಬುದಕ್ಕಿಂತ ಹಿಡಿಯುವವನು ಎಷ್ಟು ಇಕ್ಕಟ್ಟಿನಲ್ಲಿದ್ದಾನೆ ಎಂಬುದನ್ನೇ ಗೇಣಿ ಹೆಚ್ಚಾಗಿ ತೋರಿಸುತ್ತದೆ. ಇಂದಿನ ಲಾವಣಿಯ ಚರ್ಚೆಗಳಲ್ಲಿ ಈ ಮಾತು ಮರೆತುಹೋಗಿರುವುದು ಆಶ್ಚರ್ಯದ ಸಂಗತಿ.

1948ರ ಮಾರ್ಚಿನಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು; ಮರುವರ್ಷ ದಕ್ಷಿಣ ಸಾತಾರಾ ಎಂಬ ಜಿಲ್ಲೆ ಹುಟ್ಟಿತು, 1960ರಲ್ಲಿ ಅದಕ್ಕೆ ಸಾಂಗ್ಲಿಯ ಹೆಸರು ಬಂತು. ಗಾಂಧಿಯವರ ಹತ್ಯೆಯ ನಂತರ ಬ್ರಾಹ್ಮಣರ ಮನೆಗಳ ಮೇಲೆ ನಡೆದ ದಾಳಿಗಳಿಂದ ಅನೇಕ ಭೂಮಾಲಿಕ ಕುಟುಂಬಗಳು ಊರು ಬಿಟ್ಟು ನಗರ ಸೇರಿದ್ದವು. ಅದೇ ವರ್ಷದ ಮುಂಬಯಿ ಗೇಣಿ ಕಾಯ್ದೆ ಒಡೆಯನ ಭಾಗವನ್ನು ನೀರಾವರಿ ಹೊಲದಲ್ಲಿ ಬೆಳೆಯ ನಾಲ್ಕನೆಯ ಒಂದಕ್ಕೆ, ಉಳಿದದ್ದರಲ್ಲಿ ಮೂರನೆಯ ಒಂದಕ್ಕೆ ಮಿತಿಗೊಳಿಸಿತು. 1956ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಗೇಣಿಯನ್ನೂ ಬೆಲೆಯನ್ನೂ ಒಟ್ಟಿಗೆ ಆ ಹಳೆಯ ಆಕಾರಕ್ಕೆ ಕಟ್ಟಿತು. ಗೇಣಿ ಆಕಾರದ ಐದು ಪಟ್ಟು ಅಥವಾ ಎಕರೆಗೆ 20 ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದನ್ನು ಮೀರಕೂಡದು. ಆಕಾರದ ಎರಡು ಪಟ್ಟಿಗಿಂತ ಇಳಿಯಲೂಕೂಡದು. 1957ರ ಏಪ್ರಿಲ್ 1ರಂದು, ಕೃಷಿಕರ ದಿನದಂದು, ಗೇಣಿದಾರನು ಭೂಮಿಯನ್ನು ಕೊಂಡವನೆಂದೇ ಪರಿಗಣಿತನಾದನು. ಬೆಲೆ ಆಕಾರದ 20 ಪಟ್ಟಿನಿಂದ 200 ಪಟ್ಟಿನವರೆಗೆ, ಬಾವಿ–ಮರಗಳ ಬೆಲೆ ಬೇರೆ; ಕಾಯಂ ಗೇಣಿದಾರನಿಗೆ ಮಾತ್ರ ಗೇಣಿಯ ಆರು ಪಟ್ಟು.

ಎಕರೆಗೆ ಮೂರು ರೂಪಾಯಿ ಆಕಾರವಿದ್ದ ಹೊಲವೊಂದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದರ ಗೇಣಿ ಹೆಚ್ಚೆಂದರೆ 15 ರೂಪಾಯಿ. ಬೆಲೆ 60ರಿಂದ 600 ರೂಪಾಯಿ, ಎಂದರೆ ನಾಲ್ಕು ವರ್ಷದ ಗೇಣಿಯಿಂದ ನಲವತ್ತು ವರ್ಷದ ಗೇಣಿಯವರೆಗೆ. ಕಾಯಂ ಗೇಣಿದಾರನಾದರೆ ತೊಂಬತ್ತೇ ರೂಪಾಯಿ. ಬೆಲೆಗೂ ಗೇಣಿಗೂ ನಡುವಿನ ಅನುಪಾತವನ್ನು ಪೇಟೆಯಿಂದ ಕಿತ್ತು ಶಾಸನದ ಕೈಗೆ ಕೊಟ್ಟ ಅಪರೂಪದ ಗಳಿಗೆ ಅದು. ಕಾಯ್ದೆಯ ಸಿಂಧುತ್ವವನ್ನು ಶ್ರೀರಾಮ ರಾಮನಾರಾಯಣ ಮೇಢಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1958ರಲ್ಲಿ ಎತ್ತಿಹಿಡಿಯಿತು. ಆದರೆ ಕೊಳ್ಳುವ ಹಕ್ಕಿಗೂ ಒಂದು ಕಂಡಿ ಇತ್ತು. ನೋಟೀಸು ಬಂದಾಗ ನ್ಯಾಯಮಂಡಳಿಯ ಮುಂದೆ ಹಾಜರಾಗದವನ, ಅಥವಾ ಕೊಳ್ಳಲು ಮನಸ್ಸಿಲ್ಲವೆಂದವನ ಖರೀದಿ ನಿಷ್ಫಲವಾಗುತ್ತಿತ್ತು. ಕಚೇರಿಯ ಭಾಷೆ ಮರಾಠಿ. ಪಾಲಿನ ಮಾತುಕತೆ ಹೊಲದ ಬದುವಿನ ಮೇಲೆ, ಕನ್ನಡದಲ್ಲಿ, ಕಾಗದವಿಲ್ಲದೆ ನಡೆದದ್ದು.

ಇದೇ ಕಾಯ್ದೆ ಬೆಳಗಾವಿ, ವಿಜಾಪುರ, ಧಾರವಾಡ ಜಿಲ್ಲೆಗಳಿಗೂ ಅನ್ವಯಿಸುತ್ತಿತ್ತು. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯ ಸೇರಿದವು. ಮೈಸೂರು ಸರಕಾರ 1957ರಲ್ಲಿ ಪ್ರತ್ಯೇಕ ಶಾಸನದಿಂದ ಖರೀದಿಯ ಕಲಮುಗಳನ್ನು ಅಮಾನತಿನಲ್ಲಿಟ್ಟಿತು. ಹೀಗೆ ಮಿರಜದ ಗೇಣಿದಾರನು ಕಾನೂನಿನ ಕಣ್ಣಿನಲ್ಲಿ ಒಡೆಯನಾದ ದಿನ, ಕೆಲವೇ ಹರದಾರಿಯಾಚೆ ಅಥಣಿ, ಚಿಕ್ಕೋಡಿಯ ಗೇಣಿದಾರನು ಗೇಣಿದಾರನಾಗಿಯೇ ಉಳಿದನು. 1961ರ ಭೂಸುಧಾರಣಾ ಕಾಯ್ದೆ 1965ರಲ್ಲಿ ಜಾರಿಗೆ ಬಂದರೂ ಗೇಣಿ ಭೂಮಿ ಸರಕಾರಕ್ಕೆ ಸೇರಿದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ, 1974ರ ಮಾರ್ಚ್ 1ರಂದು. ನಡುವಿನ ಹದಿನೇಳು ವರ್ಷಗಳಲ್ಲಿ ಹೊಲ ಬಿಡಿಸಿಕೊಳ್ಳಲು, ಹೆಸರು ಬದಲಿಸಲು ಒಡೆಯನಿಗೆ ಸಾಕಷ್ಟು ಅವಕಾಶವಿತ್ತು. ಭಾಷಾವಾರು ಪ್ರಾಂತ ರಚನೆಯ ಇತಿಹಾಸದಲ್ಲಿ ಈ ಹದಿನೇಳು ವರ್ಷಗಳಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ಕನ್ನಡ ನಾಡನ್ನು ಸೇರಿದ ಕನ್ನಡ ಗೇಣಿದಾರ ಕಾಯಬೇಕಾಯಿತು. ಸೇರದೆ ಉಳಿದವನ ಹಕ್ಕು ಮೊದಲು ಬಂತು. ಎರಡು ಘೋಷಣೆಗಳ ವ್ಯಾಕರಣವನ್ನೂ ಗಮನಿಸಬಹುದು. ಮರಾಠಿಯ ‘ಕಸೇಲ್ ತ್ಯಾಚೀ ಜಮೀನ್’ ಭೂಮಿ ಯಾರದೆಂದು ಹೇಳುತ್ತದೆ. ಕನ್ನಡದ ‘ಉಳುವವನೇ ಒಡೆಯ’ ಮನುಷ್ಯ ಯಾರೆಂದು ಹೇಳುತ್ತದೆ.

ಆದರೆ ಮಹಾರಾಷ್ಟ್ರದ ಕಾಯ್ದೆ 1957ಕ್ಕೆ ನಿಲ್ಲಲಿಲ್ಲ. ಆ ನಂತರ ಹುಟ್ಟಿದ ಗೇಣಿಗೂ ಖರೀದಿಯ ಹಕ್ಕನ್ನು ಚಾಚಿತು. ಅದರ ಪರಿಣಾಮ ಊಹಿಸಬಹುದಾದದ್ದೇ: ಒಡೆಯರು ಬರೆದುಕೊಡುವುದನ್ನು ನಿಲ್ಲಿಸಿದರು. ಹೊಲ ಕೊಡುವುದು ಮಾತ್ರ ನಿಲ್ಲಲಿಲ್ಲ. ಲಾವಣಿ ಮಾತಿನ ಕರಾರಾಯಿತು, ಒಂದು ಹಂಗಾಮಿಗೆ ಅಥವಾ ಹನ್ನೊಂದು ತಿಂಗಳಿಗೆ. ಕಬ್ಬಿಗೆ ಇದು ಒಗ್ಗುವುದಿಲ್ಲ. ಆಷಾಢ–ಶ್ರಾವಣದಲ್ಲಿ ನಾಟಿ ಮಾಡಿದ ಅಡಸಾಲಿ ಕಬ್ಬು ಕಾರಖಾನೆಗೆ ಹೋಗುವುದು ಸುಮಾರು ಹದಿನೆಂಟು ತಿಂಗಳ ಮೇಲೆ; ಲಾಭ ಇರುವುದು ಅದರ ಕುಳೆಯಲ್ಲಿ. ಎರಡು–ಮೂರು ವರ್ಷದ ಮಾತನ್ನು ಕಾಗದವಿಲ್ಲದೆ ಕೊಡುವವನಿಗೆ ಒಡೆಯನು ವಿಶ್ವಾಸದ ದರವನ್ನೂ ಸೇರಿಸಿಯೇ ಕೇಳುತ್ತಾನೆ.

ಎಕರೆ ನೀರಾವರಿ ಹೊಲಕ್ಕೆ ವರ್ಷಕ್ಕೆ 40 ಸಾವಿರ ರೂಪಾಯಿ ಲಾವಣಿ, 20 ಲಕ್ಷ ರೂಪಾಯಿ ಬೆಲೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಬೆಲೆಯು ಐವತ್ತು ವರ್ಷದ ಲಾವಣಿಗೆ ಸಮ; ಹಾಕಿದ ಹಣಕ್ಕೆ ನೂರಕ್ಕೆ ಎರಡರ ಆದಾಯ. ಬ್ಯಾಂಕಿನ ಉಳಿತಾಯ ಖಾತೆಯೂ ಅದಕ್ಕೆ ಸರಿಗಟ್ಟುತ್ತದೆ. ಇನ್ನು ಮಾಡುವವನ ಕಡೆ. 2024–25ರ ಹಂಗಾಮಿಗೆ ಕೇಂದ್ರ ನಿಗದಿಪಡಿಸಿದ ಎಫ್‌ಆರ್‌ಪಿ ಟನ್ನಿಗೆ 3,400 ರೂಪಾಯಿ. ಅಡಸಾಲಿ ಕಬ್ಬು ಎಕರೆಗೆ 50 ಟನ್ ಬಂತೆನ್ನೋಣ: 1,70,000 ರೂಪಾಯಿ. ಹದಿನೆಂಟು ತಿಂಗಳ ಲಾವಣಿಯೇ 60 ಸಾವಿರ, ಒಟ್ಟು ಹುಟ್ಟುವಳಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಕಟಾವು, ಸಾಗಣೆಯ ಖರ್ಚನ್ನು ಕಾರಖಾನೆ ಮುರಿದುಕೊಳ್ಳುವುದು ಇದಕ್ಕೆ ಹೊರತು. ಬೀಜ, ಗೊಬ್ಬರ, ನೀರಿನ ಖರ್ಚು ಮಾಡುವವನದೇ. 1948ರ ಶಾಸನ ನೀರಾವರಿಗೆ ಹಾಕಿದ್ದ ನಾಲ್ಕನೆಯ ಒಂದರ ಮಿತಿಯನ್ನು ಇದು ದಾಟಿದೆ. ಒಡೆಯನಿಗೆ ತೀರ ಕಡಿಮೆಯೆನಿಸುವ ಲಾವಣಿಯೇ ಮಾಡುವವನಿಗೆ ತೀರ ಹೆಚ್ಚು. ಎರಡೂ ನಿಜವಾಗಿರುವುದು ಬೆಲೆಯು ಬೆಳೆಯ ಗಳಿಕೆಯನ್ನು ಬಿಟ್ಟು ಬೇರೇನನ್ನೋ ಅಳೆಯುತ್ತಿರುವುದರಿಂದ.

ಆ ಬೇರೆಯದರಲ್ಲಿ ಒಂದು ನೀರಿನ ನಿರೀಕ್ಷೆ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯನ್ನು ಎತ್ತಿ ಕವಠೆ ಮಹಾಂಕಾಳ, ಜತ್ತದ ಕಡೆ ಹರಿಸುವ ಏತ ಯೋಜನೆ ಒಣ ನೆಲಕ್ಕೆ, ಕಾಲುವೆ ತಲುಪುವ ಮೊದಲೇ, ಬೆಲೆ ತಂದುಕೊಡಬಲ್ಲದು. 2022ರ ನವೆಂಬರಿನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತದ ಗ್ರಾಮ ಪಂಚಾಯತಿಗಳ ಹಳೆಯ ಠರಾವಿನ ಮಾತೆತ್ತಿ ಎರಡೂ ರಾಜ್ಯಗಳಲ್ಲಿ ಗದ್ದಲವೆದ್ದಾಗ ಭಾಷೆಯ ಜಗಳವೆಂದು ಪತ್ರಿಕೆಗಳು ಬರೆದವು. ಆ ಊರುಗಳ ಬೇಡಿಕೆ ಮೊದಲಿನಿಂದಲೂ ನೀರಿನದು. ನೀರು ಹೆಚ್ಚಾದ ನದೀತೀರದಲ್ಲಿ ಕತೆ ತಿರುವುಮುರುವು: ವರ್ಷಗಟ್ಟಲೆ ಕಬ್ಬಿಗೆ ನೀರುಂಡ ಕರಿಮಣ್ಣು ಸವಳು–ಜವಳಾಗಿ ಬೆಳೆಯನ್ನೇ ಹಿಡಿಯುವುದಿಲ್ಲ.

ಇನ್ನೊಂದು, ಕೃಷಿಕನೆಂಬ ಅಂತಸ್ತು. ಮುಂಬಯಿ ಕಾಯ್ದೆಯ 63ನೆಯ ಕಲಮಿನಂತೆ ಮಹಾರಾಷ್ಟ್ರದಲ್ಲಿ ಅಕೃಷಿಕನು ಅನುಮತಿಯಿಲ್ಲದೆ ಹೊಲ ಕೊಳ್ಳುವಂತಿಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಲ್ಲ. ಗುಂಟೆಗಟ್ಟಲೆ ನೆಲ ಹೊಂದಿರುವುದರಲ್ಲಿಯೇ ಬೆಳೆಗೆ ಸಂಬಂಧಿಸದ ಒಂದು ಗಳಿಕೆಯಿದೆ. ಕರ್ನಾಟಕ 2020ರಲ್ಲಿ ತನ್ನ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ ಆ ಬೇಲಿಯನ್ನು ಕಿತ್ತಿತು. 1957ರಲ್ಲಿ ಕವಲೊಡೆದ ಕಾನೂನು ಗಡಿಯ ಎರಡು ಬದಿಗಳಲ್ಲಿ ಮತ್ತೊಮ್ಮೆ ಬೇರೆ ದಾರಿ ಹಿಡಿದಿದೆ.

2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ, ಕೃಷ್ಣೆ ಸಾಂಗ್ಲಿಯ ದಂಡೆಯ ಹೊಲಗಳನ್ನು ಮುಳುಗಿಸಿತು. ಪರಿಹಾರದ ಪಂಚನಾಮೆ ನಡೆಯುವುದು ‘ಸಾತ್‌–ಬಾರಾ’ ಉತಾರವನ್ನು ಹಿಡಿದು. ಗ್ರಾಮ ನಮೂನೆ 7 ಒಡೆತನದ್ದು, 12 ಬೆಳೆಯದ್ದು. ಎರಡೂ ಕೂಡಿ ಆ ಹೆಸರು. 2021ರಿಂದ ‘ಇ–ಪೀಕ್ ಪಾಹಣಿ’ ಎಂಬ ಮೊಬೈಲ್ ವ್ಯವಸ್ಥೆಯಲ್ಲಿ ರೈತನೇ ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ದಾಖಲಿಸುತ್ತಾನೆ. ದಾಖಲೆ ಏರುವುದು ಖಾತೆದಾರನ ಹೆಸರಿಗೆ. ಲಾವಣಿ ಹಿಡಿದವನು ಆ ಚಿತ್ರ ತೆಗೆಯಬಹುದು.