ಐನೂರ್ವರ ನಂಟು

ಐಹೊಳೆಯ ಹೆಸರೆತ್ತಿದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಅಲ್ಲಿನ ಗುಡಿಗಳು. ದುರ್ಗದ ಗುಡಿಯ ಬಾಗಿದ ಹಿಂಬದಿ, ಲಾಡಖಾನ ಗುಡಿಯ ಇಳಿಜಾರು ಚಾವಣಿ, ಕ್ರಿ.ಶ. 634ರಲ್ಲಿ ರವಿಕೀರ್ತಿ ಶಾಸನ ಬರೆಯಿಸಿದ ಮೇಗುತಿಯ ಬಸದಿ, ಇವನ್ನು ಕಾಣಲು ದೂರದೂರದಿಂದ ಜನ ಬರುತ್ತಾರೆ. ಆದರೆ ಹುನಗುಂದ ತಾಲ್ಲೂಕಿನ ಈ ಪುಟ್ಟ ಊರಿನ ಹೆಸರನ್ನು ಕಡಲಾಚೆಗೆ ಒಯ್ದವರು ಶಿಲ್ಪಿಗಳಲ್ಲ, ಅರಸರೂ ಅಲ್ಲ; ವ್ಯಾಪಾರಿಗಳು. ಶಾಸನಗಳು 'ಅಯ್ಯಾವೊಳೆಯ ಐನೂರ್ವರು' ಎಂದು ಕರೆಯುವ ಆ ವರ್ತಕ ಸಂಘದ ವಿಷಯವಾಗಿ ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಮನುಷ್ಯರು ತಮ್ಮ ಊರು, ಮನೆತನ, ಭಾಷೆಗಳನ್ನು ದಾಟಿ ಒಬ್ಬರಿಗೊಬ್ಬರು ಆಗಿಬರುವ ಬಗೆ ಯಾವುದು ಎಂಬ ಪ್ರಶ್ನೆಗೆ ಅವರ ಚರಿತ್ರೆಯಲ್ಲಿ ಒಂದು ಉತ್ತರವಿದೆಯೆಂದು ನನಗೆ ತೋರುತ್ತದೆ.

ಐನೂರ್ವರು ಎಂದರೆ ತಲೆ ಎಣಿಸಿದ ಐನೂರು ಮಂದಿಯಲ್ಲ. ಲಾಡಖಾನ ಗುಡಿಯ ಹಳೆಯ ಶಾಸನದಲ್ಲಿ ಈ ಹೆಸರು ಮೊದಲು ಕಾಣಿಸಿಕೊಳ್ಳುತ್ತದೆ. ಅಲ್ಲಿ ಅದು ಊರಿನ ಮಹಾಜನರ ಸಭೆಯನ್ನು ಸೂಚಿಸುತ್ತಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಮುಂದಿನ ಶತಮಾನಗಳಲ್ಲಿ ಅದೇ ಹೆಸರು ವರ್ತಕರದಾಯಿತು. ಸೆಟ್ಟಿಗಳು, ಗವರೆಗಳು, ಗಾತ್ರಿಗರು, ಮುಮ್ಮುರಿದಂಡದವರು, ನಾನಾದೇಶಿಗಳು ಹೀಗೆ ಬೇರೆಬೇರೆ ಬಳಗಗಳು ಆ ಹೆಸರಿನಡಿ ಒಂದಾದವು. ಇಲ್ಲೊಂದು ವಿಚಾರವನ್ನು ಗಮನಿಸಬೇಕು. ಬಾದಾಮಿಯ ಚಲುಕ್ಯರ ಆಳ್ವಿಕೆ 8ನೆಯ ಶತಮಾನದ ನಡುಭಾಗದಲ್ಲಿ ಮುಗಿದು ರಾಷ್ಟ್ರಕೂಟರು ತಲೆಯೆತ್ತಿದರು. ರಾಜಧಾನಿಯಾಗಿದ್ದ ಬಾದಾಮಿಯ ವೈಭವ ಇಳಿಯಿತು. ಪಕ್ಕದ ಐಹೊಳೆಯ ವರ್ತಕರ ಹೆಸರು ಮಾತ್ರ ಆಮೇಲೆಯೇ ಬೆಳೆಯಿತು. ಸಿಂಹಾಸನದ ನೆರಳಿನಲ್ಲಿ ಹುಟ್ಟಿದ್ದು ಆ ನೆರಳು ಸರಿದ ಮೇಲೂ ಬಾಳಿತು.

ಎಷ್ಟು ದೂರದವರೆಗೆ ಅವರ ನಂಟು ಹಬ್ಬಿತ್ತು? 11ನೆಯ ಶತಮಾನದ ನಡುವಿನ, ಶಿಕಾರಿಪುರ ಸೀಮೆಯ ಒಂದು ಶಾಸನ ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ, ಪಾರಸಗಳನ್ನು ಹೆಸರಿಸುತ್ತದೆ. ನೆಲದ ದಾರಿಯಲ್ಲೂ ನೀರ ದಾರಿಯಲ್ಲೂ ನಡೆದು ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಗಳನ್ನು ಮಾರಿದವರು ಇವರು. ರಾಶಿಗಟ್ಟಲೆ ಮಾರುವವರೂ ಅವರಲ್ಲಿದ್ದರು, ಹೆಗಲ ಮೇಲೆ ಹೊತ್ತು ಊರೂರು ತಿರುಗುವವರೂ ಇದ್ದರು. ಪ್ರಶಸ್ತಿಯ ಮಾತಿನಲ್ಲಿ ಅತಿಶಯವಿರುವುದು ಸಹಜ. ಆದರೆ ಸುಮಾತ್ರದ ಬಾರುಸಿನಲ್ಲಿ ದೊರೆತ 1088ರ ತಮಿಳು ಶಾಸನ ಐನೂರ್ವರದೇ. ಬರ್ಮಾದ ಪಗಾನಿನ 13ನೆಯ ಶತಮಾನದ ತಮಿಳು ಶಾಸನವೊಂದು ನಾನಾದೇಶಿಗಳ ಹೆಸರಿನ ವಿಷ್ಣು ದೇಗುಲವನ್ನು ಉಲ್ಲೇಖಿಸುತ್ತದೆ. ಶ್ರೀಲಂಕೆಯಲ್ಲಿಯೂ ಅವರ ಕಲ್ಲುಗಳಿವೆ. 1054ರಲ್ಲಿ ಕೊಪ್ಪದ ಕಾಳಗದಲ್ಲಿ ಚೋಳ ರಾಜಾಧಿರಾಜ ಮಡಿದ ಕಾಲವನ್ನೇ ನೆನೆಯಿರಿ. ಕಲ್ಯಾಣದ ಚಾಲುಕ್ಯರಿಗೂ ಚೋಳರಿಗೂ ಬದ್ಧವೈರ. ಐನೂರ್ವರು ಎರಡೂ ಸೀಮೆಗಳಲ್ಲಿ ವ್ಯಾಪಾರ ಮಾಡಿದರು, ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಶಾಸನ ಬರೆಯಿಸಿದರು.

ಇವರನ್ನು ಕಟ್ಟಿ ಹಿಡಿದಿದ್ದ ದಾರ ಯಾವುದು? ಕೇವಲ ಲಾಭವಾಗಿದ್ದರೆ ಅದು ಮೊದಲ ನಷ್ಟದಲ್ಲಿಯೇ ಹರಿಯುತ್ತಿತ್ತು. ಅವರು ತಮ್ಮ ನಡೆವಳಿಕೆಗೆ 'ವೀರಬಣಂಜು ಧರ್ಮ' ಎಂಬ ಹೆಸರಿಟ್ಟಿದ್ದರು. ಬೇರೆಬೇರೆ ದೇವರನ್ನು ಪೂಜಿಸುತ್ತಿದ್ದರೂ ಎಲ್ಲರೂ ಅಯ್ಯಾವೊಳೆಯ ಭಗವತಿಯ ಮಕ್ಕಳೆಂದು ಹೇಳಿಕೊಂಡರು. ಅಯ್ಯಾವೊಳೆಯನ್ನು ಒಮ್ಮೆಯೂ ಕಾಣದ ತಮಿಳು ವರ್ತಕನಿಗೂ ಅದು ತವರಾಯಿತು. ಒಂದೇ ಪ್ರಶಸ್ತಿ, ಒಂದೇ ಬಿರುದಾವಳಿ ದೂರದ ಊರುಗಳ ಕಲ್ಲುಗಳಲ್ಲಿ ಮತ್ತೆಮತ್ತೆ ಬರುವುದು ಬರಿಯ ಆಡಂಬರಕ್ಕಲ್ಲ. ಅಪರಿಚಿತ ಪೇಟೆಗೆ ಕಾಲಿಟ್ಟವನು ತನ್ನವರನ್ನು ಗುರುತಿಸುವ ಗುರುತು ಅದಾಗಿರಬೇಕೆಂದು ನನ್ನ ಊಹೆ.

ಇದಕ್ಕಿಂತ ಹಿರಿದು ಅವರ ದಾನದ ರೀತಿ. ಸಭೆ ಸೇರಿ, ಇಷ್ಟು ಹೇರಿಗೆ ಇಷ್ಟು ಎಂದು ತಮ್ಮ ಸರಕಿನ ಮೇಲೆ ತಾವೇ ಆಯ ಹಾಕಿಕೊಂಡು ಗುಡಿಗೆ, ಬಸದಿಗೆ ಒಪ್ಪಿಸುತ್ತಿದ್ದರು. ಎಲೆಯ ಹೇರಿಗೆ ಇಷ್ಟು ಎಲೆ, ಕಾಳಿನ ಹೇರಿಗೆ ಇಷ್ಟು ಕಾಳು. ಒಬ್ಬ ಧನಿಕ ಒಮ್ಮೆ ಕೊಡುವ ದೊಡ್ಡ ದಾನ ಅವನ ಹೆಸರನ್ನು ಉಳಿಸುತ್ತದೆ. ಎಲ್ಲರೂ ಪ್ರತಿ ಸಲ ಕೊಡುವ ಚಿಕ್ಕ ಪಾಲು ಸಂಘವನ್ನು ಉಳಿಸುತ್ತದೆ. ಹೊಸ ಹೇರು ಬಂದಾಗಲೆಲ್ಲ ಹಳೆಯ ಮಾತು ಜೀವ ಪಡೆಯುತ್ತಿತ್ತು.

ಅವರನ್ನು ಸಂತರೆಂದು ತಿಳಿಯಬೇಕಾಗಿಲ್ಲ. ಅವರ ಬಳಿ ಆಯುಧ ಹಿಡಿದ ಕಾವಲಿನವರಿದ್ದರು. ತಮ್ಮ ಶೌರ್ಯವನ್ನು ಅವರು ಪ್ರಶಸ್ತಿಗಳಲ್ಲಿ ಧಾರಾಳವಾಗಿ ಹೊಗಳಿಕೊಂಡಿದ್ದಾರೆ. ಒಳಗಿನವರಿಗೆ ಆಸರೆಯಾದ ಕಟ್ಟು ಹೊರಗಿನವರಿಗೆ ಬೇಲಿಯೂ ಆಗಬಲ್ಲದು. ಹೇರು ಹೊತ್ತ ಕೂಲಿಯವನ ಹೆಸರು ಕಲ್ಲಿಗೆ ಏರುವುದು ಅಪರೂಪ. ಅಂಥ ದೊಡ್ಡ ಸಂಘವೂ ವಿಜಯನಗರದ ಕಾಲ ಕಳೆಯುವಷ್ಟರಲ್ಲಿ ಮಸುಕಾಯಿತು.

ಈ ಸೀಮೆಯ ಜನಕ್ಕೆ ನಂಟಿನ ಬೆಲೆ ಈಚೆಗೂ ಅನುಭವಕ್ಕೆ ಬಂದಿದೆ. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಹಳೆಯ ಊರಿನ ಹಲವು ಓಣಿಗಳು ಮುಳುಗಿ, ಜನ ನವನಗರಕ್ಕೆ ಸರಿದರು. ಮನೆಗೆ ಪರಿಹಾರವುಂಟು, ಹೊತ್ತಿಲ್ಲದ ಹೊತ್ತಿನಲ್ಲಿ ಬಾಗಿಲು ತೆರೆಯುತ್ತಿದ್ದ ನೆರೆಮನೆಗೆ, ಮುಖ ನೋಡಿ ಉದ್ದರಿ ಕೊಡುತ್ತಿದ್ದ ಅಂಗಡಿಗೆ ಯಾವ ಪರಿಹಾರ? ಅದನ್ನು ಜನರೇ ಹೊಸ ಬಡಾವಣೆಯಲ್ಲಿ ಮತ್ತೆ ಕಟ್ಟಿಕೊಳ್ಳಬೇಕು. ಇಂದು ನಮ್ಮ ಫೋನುಗಳಲ್ಲಿ ಐನೂರಲ್ಲ, ಸಾವಿರ ಹೆಸರುಗಳಿವೆ. ಅವುಗಳಲ್ಲಿ ಎಷ್ಟನ್ನು ನಾವು ಕೆಲಸವಿಲ್ಲದಾಗಲೂ ನೆನೆಯುತ್ತೇವೆ?

ಐಹೊಳೆಯಿಂದ ಇಳಕಲ್ಲು ದೂರವೇನಲ್ಲ. ಅಲ್ಲಿನ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನೂಲು ಬೇರೆಬೇರೆ. ನೇಕಾರರು ಆ ಎರಡನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದು ಸೀರೆಗೆ ಹಾಕಿದ ಕೊಂಡಿ ಇನ್ನೊಂದಕ್ಕೆ ಬರುವುದಿಲ್ಲ; ಪ್ರತಿ ಸೀರೆಗೂ ಹೊಸದಾಗಿ ಹಾಕಬೇಕು. ಐನೂರ್ವರು ಪ್ರತಿ ಹೇರಿಗೂ ತಮ್ಮ ಪಾಲನ್ನು ಎತ್ತಿಟ್ಟದ್ದು ಇದೇ ಬಗೆಯ ಕೆಲಸವೆಂದು ನಾನು ತಿಳಿದಿದ್ದೇನೆ.